ಅಕ್ಕ ಕುಡಿಯದ ನೀರು

ಸ್ನೇಹಿತರೇ, ಕೊರೊನಾಕ್ಕೆ ಹೆದರಿ ನಮ್ಮೂರಿನ ದಾರಿಗೆ ಮುಳ್ಳುಬೇಲಿ ಹಾಕಿ ದ್ವೀಪದವರಂತೆ ಬದುಕುತ್ತಿದ್ದೇವೆ. ಇವತ್ತು ಮಧ್ಯಾಹ್ನ, ರಾಯಲ್ಪಾಡಿಗೆ ಕೊಟ್ಟಿರುವ ನಮ್ಮಕ್ಕ ಅಮ್ಮನ ಬಿಪಿ ಮಾತ್ರೆ ತಂದು ಬೇಲಿಯಾಚೆ ನಿಂತಳು. ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು.

“ಹತ್ರ ಬರ್ಬೇಡ ಕಣೇ, ಕಲ್ಲಿನ ಮೇಲಿಡು,” ಎಂದಳು ಅಮ್ಮ. ಆಮೇಲೆ ಮನಸ್ಸು ತಡೆಯದೆ ಒಂದು ಚೊಂಬು ನೀರು ತಂದು ಬೇಲಿಯ ಸಂದಿಯಲ್ಲಿಟ್ಟು ಹಿಂದೆ ಸರಿದಳು.

ಅಕ್ಕ ನೀರನ್ನೇ ನೋಡಿದಳು, ಮುಟ್ಟಲಿಲ್ಲ.

“ಬ್ಯಾಡಮ್ಮ. ನಿಮ್ಮೂರಲ್ಲೂ ಯಾರ್ಗೋ ಜ್ವರ ಅಂತೆ. ಮನೇಲಿ ಮಗು ಐತೆ ನಂಗೆ.”

ಬಾಯಾರಿಕೊಂಡೇ ತಿರುಗಿ ಹೋದಳು.

ಬೇಲಿ ಹಾಕಿದ್ದು ಹೊರಗಿನವರು ಬಾರದಿರಲಿ ಎಂದು. ಈಗ ಆ ಜ್ವರ ಯಾರಿಗೆಂದು ಒಳಗಿರುವ ನಾವೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೇವೆ.