ಟಕ್ ಅಂದು ಸುಮ್ಮನಾಗುವ ಮೋಟಾರು

ಕೀಲಿ ತಿರುವಿದರೆ ಮೋಟಾರು ಮೊದಲು ಟಕ್ ಅನ್ನಬೇಕು, ಆಮೇಲೆ ಗರ್ರೆಂದು ತಿರುಗಿ ಹತ್ತಿಕೊಳ್ಳಬೇಕು. ನಮ್ಮ ದೋಣಿಯ ಮೋಟಾರು ಟಕ್ ಅಂದು ಅಷ್ಟಕ್ಕೇ ಸುಮ್ಮನಾಗುತ್ತಿತ್ತು. ಒಂದು ಸೀಜನ್ನಿನಲ್ಲಿ ಎರಡು-ಮೂರು ತಿಂಗಳು ಆ ಟಕ್ ಕೇಳಿ ಕೇಳಿ ಎಷ್ಟು ಸಾಕಾಗಿತ್ತೆಂದರೆ, ಈಗಲೂ ಯಾರಾದರೂ ಬಾಗಿಲ ಚಿಲಕ ಹಾಕಿದರೆ ನನಗೆ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ವಿಜಾಪುರದ ಗ್ಯಾರೇಜೊಂದರಲ್ಲಿ ಲಾರಿಗಳ ವೈರಿಂಗ್ ಕಲಿತು ಗೋವಾದ ಕಲಂಗುಟ್‌ಗೆ ಬಂದಿದ್ದೆ. ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವ ಒಂದು ದೋಣಿಯ ಮೋಟಾರು ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕ ಅಲ್ಲಿಯವನೇ. ಕೆಲಸದವರೆಲ್ಲ ಅವನನ್ನು ಪಾತ್ರಾಂವ್ ಅನ್ನುತ್ತಿದ್ದರು, ಅಂದರೆ ಧಣಿ. ದೋಣಿ ನಡೆಸುವವರು ಬಾಗಲಕೋಟೆ ಕಡೆಯ ಒಬ್ಬ ಅಂಬಿಗರು, ಐವತ್ತು ದಾಟಿದವರು. ಅವರನ್ನು ನಾನು ಕಾಕಾ ಅನ್ನುತ್ತಿದ್ದೆ. ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತ ಬೆಳೆದ ಮನುಷ್ಯ ಹತ್ತೇ ವರ್ಷದಲ್ಲಿ ಕಡಲನ್ನೂ ಕಲಿತಿದ್ದರು. ಅವರಿಗೆ ತಮ್ಮ ಕೈಯ ಮೇಲೆ ಭಾರಿ ಹೆಮ್ಮೆ. “ನೀರಾಗ ಈ ಕೈ ಎಂದೂ ತಪ್ಪಿಲ್ಲ ತಮ್ಮಾ” ಅನ್ನುತ್ತಿದ್ದರು. ಮಾತು ಸುಳ್ಳಾಗಿರಲಿಲ್ಲ.

ದಸರೆ ಮುಗಿದು ಸೀಜನ್ ಶುರುವಾದ ಮೇಲೆ ಮೋಟಾರಿನ ಕಾಟ ಹತ್ತಿತು. ಹತ್ತು ಸಲಕ್ಕೆ ಏಳು ಸಲ ಹತ್ತುತ್ತದೆ, ಮೂರು ಸಲ ಟಕ್. ಆಗ ಹಗ್ಗ ಸುತ್ತಿ ಎಳೆದರೆ ಮಾತ್ರ ಹತ್ತುತ್ತದೆ. ಅಂದಮೇಲೆ ಎಂಜಿನ್ ಚಲೋ ಇದೆ, ರೋಗ ಇರುವುದು ಸೆಲ್ಫ್‌ನಲ್ಲಿ, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸುವ ಆ ಸಣ್ಣ ಮೋಟಾರಿನ ದಾರಿಯಲ್ಲಿ. ಬ್ಯಾಟರಿ ಚಾರ್ಜ್ ಮಾಡಿಸಿದೆ. ಅದರ ಟರ್ಮಿನಲ್‌ಗಳನ್ನು ಉಜ್ಜಿ ಗ್ರೀಸ್ ಹಚ್ಚಿದೆ. ಸೆಲ್ಫ್ ಬಿಚ್ಚಿ ಕಾರ್ಬನ್ ಬ್ರಷ್ ಬದಲಿಸಿದೆ. ಕೀಲಿಯ ಸ್ವಿಚ್ ಹೊಸದು ಹಾಕಿದೆ. ಎರಡು ದಿನ ಹತ್ತುತ್ತಿತ್ತು, ಮೂರನೆಯ ದಿನ ಮತ್ತೆ ಟಕ್. ಅದರ ಮನೆ ಹಾಳಾಗ! ಬಿಸಿಲಲ್ಲಿ ಮೋಟಾರಿನ ಮೇಲೆ ಬಗ್ಗಿ ಬಗ್ಗಿ ನನ್ನ ನಡ ಮುರಿದುಹೋಗಿತ್ತು.

ಒಂದು ಸಂಜೆ ಪಾತ್ರಾಂವ್ ದಂಡೆಯಲ್ಲಿ ನಿಂತು ಹಿಂದಿಯಲ್ಲಿ ಕೇಳಿದ, ಇಷ್ಟೆಲ್ಲ ಸಾಮಾನು ತರಿಸಿದೆಯಲ್ಲ, ಇನ್ನೂ ಯಾಕೆ ಸರಿಯಾಗಿಲ್ಲ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅಂದೆ, “ಕಾಕಾ ಕೀಲಿಯನ್ನು ಬಹಳ ಹೊತ್ತು ಒತ್ತಿ ಹಿಡಿಯುತ್ತಾರೆ, ಅದಕ್ಕೇ ಸೆಲ್ಫ್ ಸುಡುತ್ತಿದೆ.” ಕಾಕಾ ಪಕ್ಕದಲ್ಲೇ ಹಗ್ಗ ಸುತ್ತುತ್ತಿದ್ದರು. ಜಗಳ ತೆಗೆಯುತ್ತಾರೆ ಅಂದುಕೊಂಡಿದ್ದೆ, ತೆಗೆಯಲಿಲ್ಲ.

ಪಾತ್ರಾಂವ್ ಹೋದ ಮೇಲೆ ಹತ್ತಿರ ಬಂದು, “ನೀ ಕಲತಾಂವ ಅದಿ ತಮ್ಮಾ. ನೀ ಅಂದ್ರ ಖರೇನ ಇರಬೇಕು. ಹುಟ್ಟ ಹಿಡದ ಕೈ, ಕೀಲಿ ಹದ ಅದಕ್ಕೇನ ತಿಳೀತೈತಿ” ಅಂದರು. ಅಂದಿನಿಂದ ಕೀಲಿಯನ್ನು ಬಿಸಿ ಪಾತ್ರೆ ಮುಟ್ಟಿದಂತೆ ಮುಟ್ಟಿ ಬಿಡತೊಡಗಿದರು. ನಾನು ನೋಡಿದೆ, ನೋಡಿಯೂ ಬಾಯಿ ಬಿಡಲಿಲ್ಲ.

ಕ್ರಿಸ್‌ಮಸ್ ವಾರದಲ್ಲಿ, ತುಂಬಿದ ದೋಣಿ, ಡಾಲ್ಫಿನ್ ಕಂಡವೆಂದು ಕಾಕಾ ಎಂಜಿನ್ ಬಂದ್ ಮಾಡಿದರು. ಮತ್ತೆ ಹತ್ತಲಿಲ್ಲ. ಗಾಳಿ ದೋಣಿಯನ್ನು ದಂಡೆಯ ತುದಿಯಲ್ಲಿದ್ದ ಕೋಟೆಯ ಬಂಡೆಗಳ ಕಡೆಗೆ ಒಯ್ಯತೊಡಗಿತು. ಜನ ಚೀರಾಡಿದರು. ಕಾಕಾ ಹಗ್ಗ ಎಳೆದರು, ಎಳೆದರು, ಕಡೆಗೂ ಹತ್ತಿಸಿಕೊಂಡು ಎಲ್ಲರನ್ನೂ ಸುರಕ್ಷಿತವಾಗಿ ತಂದರು. ದಂಡೆಗೆ ಇಳಿದಾಗ ಎರಡೂ ಅಂಗೈ ಸುಲಿದಿದ್ದವು. ಪಾತ್ರಾಂವ್ ಅಂಗೈ ನೋಡಲಿಲ್ಲ. ನಾಳೆಯಿಂದ ಬರಬೇಡ ಅಂದ. ಕಾಕಾ ಚೀಲ ತೆಗೆದುಕೊಂಡು ಝುವಾರಿನಗರಕ್ಕೆ, ಹೆಂಡತಿ ಇದ್ದ ಖೋಲಿಗೆ ಹೋದರು. ಅಲ್ಲಿ ಗೋದಾಮಿನಲ್ಲಿ ಮೂಟೆ ಹೊರುತ್ತಾರೆಂದು ಆಮೇಲೆ ಗೊತ್ತಾಯಿತು.

ಹೊಸ ಚಾಲಕ ಬಂದ, ಹುಡುಗುಬುದ್ಧಿಯವನಲ್ಲ, ಕೀಲಿಯನ್ನು ನಾಜೂಕಾಗಿ ತಿರುವುವವನು. ನಾಲ್ಕನೆಯ ದಿನ ಟಕ್! ಕೀಲಿಯನ್ನು ಒತ್ತಿ ಹಿಡಿಯುತ್ತಾರೆಂದು ದೂರಲು ಈಗ ಯಾರೂ ಇರಲಿಲ್ಲ.

ಅವತ್ತು ಸಾಮಾನು ಬದಲಿಸುವ ಹುಚ್ಚು ಬಿಟ್ಟು, ವಿಜಾಪುರದ ಗ್ಯಾರೇಜಿನ ಉಸ್ತಾದ್ ಹೇಳಿಕೊಟ್ಟ ಮೊದಲ ಪಾಠ ಮಾಡಿದೆ. ಎರಡು ವೈರಿನ ಟೆಸ್ಟ್ ಲ್ಯಾಂಪ್ ತೆಗೆದುಕೊಂಡು, ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಹಿಡಿದು ಹೊಸಬನಿಂದ ಕೀಲಿ ತಿರುವಿಸಿದೆ. ಬ್ಯಾಟರಿಯ ಮೈನಸ್ಸನ್ನು ಎಂಜಿನ್ನಿನ ಮೈಗೆ ಜೋಡಿಸುವ ಅರ್ಥ್ ವೈರ್ ಸರಿಯಿದ್ದರೆ ಬಲ್ಬು ಹತ್ತಬಾರದು. ಝಗ್ಗೆಂದು ಹತ್ತಿತು. ಬ್ಯಾಟರಿಗೆ ಮರಳಲು ಕರೆಂಟಿಗೆ ಸರಿಯಾದ ದಾರಿಯೇ ಇರಲಿಲ್ಲ. ಅರ್ಥ್ ವೈರಿನ ಬೋಲ್ಟ್ ಬಿಚ್ಚಿದೆ. ಬೆಳ್ಳಗೆ ಬರಿ ಲೋಹ ಇರಬೇಕಾದ ಜಾಗದಲ್ಲಿ ಮಿರಿಮಿರಿ ಕಪ್ಪು ಬಣ್ಣ.

ಬಣ್ಣ ನಾನೇ ಬಳಿದದ್ದು. ನಮ್ಮ ಕಡೆ ದಸರೆಯ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು ಸಿಂಗರಿಸುತ್ತೇವೆ. ಅನ್ನ ಕೊಡುವ ಮೋಟಾರು ಬೋಳುಬೋಳಾಗಿ ಪೂಜೆಗೆ ಕೂರಬಾರದೆಂದು ವೈರುಗಳನ್ನೆಲ್ಲ ಬಿಚ್ಚಿ, ಸಂದಿಗೊಂದಿ ಬಿಡದೆ ಬಣ್ಣ ಹೊಡೆದು, ಒಣಗಿದ ಮೇಲೆ ಬಣ್ಣದ ಮೇಲೆಯೇ ವೈರು ಬಿಗಿದಿದ್ದೆ. ಬೋಲ್ಟಿನ ಹಲ್ಲುಗಳಿಂದ ಅಷ್ಟಿಷ್ಟು ಕರೆಂಟು ಹಾಯುತ್ತಿತ್ತು, ಹಾಯ್ದಾಗ ಮೋಟಾರು ಹತ್ತುತ್ತಿತ್ತು. ಕಾಕಾ ಅವತ್ತು ಕುಂಕುಮ ಹಚ್ಚುತ್ತ, “ಭಾಳ ಚಂದ ಆಗೇತಿ ನೋಡು” ಅಂದಿದ್ದರು.

ಉಪ್ಪುಕಾಗದದಿಂದ ಉಜ್ಜಿ ವೈರು ಬಿಗಿದೆ. ಆಮೇಲೆ ಆ ಮೋಟಾರು ಒಮ್ಮೆಯೂ ಟಕ್ ಅನ್ನಲಿಲ್ಲ. ಪಾತ್ರಾಂವ್ ಕೇಳಿದಾಗ ವೈರು ಸಡಿಲಾಗಿತ್ತು ಅಂದೆ. ನನ್ನ ಕೆಲಸವೂ ಹೋದೀತೆಂಬ ಹೆದರಿಕೆ. ಮೂರು ವಾರ ಊಟ ರುಚಿಸಲಿಲ್ಲ. ಒಂದು ರವಿವಾರ ಪಣಜಿಗೆ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹತ್ತಿ ಝುವಾರಿನಗರಕ್ಕೆ ಹೋದೆ.

ಕಾಕಾ ಕಟ್ಟೆಯ ಮೇಲೆ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೂತಿದ್ದರು. ಹಚ್ಚುತ್ತಿದ್ದವರು ಕಾಕು, ಅವರ ಹೆಂಡತಿ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. “ನಿಮ್ಮ ಕೈದು ತಪ್ಪ ಇರಲಿಲ್ಲ ಕಾಕಾ. ನಂದು.”

ಕಾಕಾ ಅಂಗೈ ಹೊರಳಿಸಿ ನೋಡಿಕೊಂಡರು. ಕಾಕು ಎಣ್ಣೆ ಬಟ್ಟಲು ಕೆಳಗಿಟ್ಟರು.

“ಇದನ್ನ ಧಣ್ಯಾರಿಗೆ ಹೇಳೀಯೇನು?”

“ಇಲ್ಲ ಕಾಕು.”

“ಮತ್ತ ನಮಗ್ಯಾಕ ಹೇಳಾಕ ಬಂದಿ? ಇವರನ್ನ ಕೆಲಸದಿಂದ ತಗದಾವ್ರು ನಾವೇನು?”

ನೀರು ಸಹ ಕುಡಿಯದೆ ಹೊರಟೆ. ಮರುದಿನ ಬೆಳಿಗ್ಗೆ ಪಾತ್ರಾಂವ್ ಎದುರು ನಿಂತು ಬಣ್ಣದ ವಿಷಯ ಒಪ್ಪಿಕೊಂಡೆ. ಎರಡು ಕೆಟ್ಟ ಮಾತು ಬೈದ. ಆಮೇಲೆ ಬೀಡಿ ಹಚ್ಚಿ, ಮುದುಕನನ್ನು ಕರೆಸು, ಈ ಹೊಸಬನಿಗೆ ಅಲೆ ತಿಳಿಯುವುದಿಲ್ಲ ಅಂದ. ಅಷ್ಟೇ. ಇಷ್ಟು ಮಾತಿಗೆ ಹೆದರಿ ನಾನು ಒಬ್ಬ ಹಿರಿಯರ ಬೆನ್ನ ಮೇಲೆ ಮೂಟೆ ಹೊರಿಸಿದ್ದೆ. ನಾಚಿಕೆ ಆಯಿತು.

ಕಾಕಾ ಬಂದರು. ದೋಣಿಯನ್ನು ನೀರಿಗೆ ದೂಡಿ, ಜನರನ್ನು ಕೂರಿಸಿ, ತಮ್ಮ ಜಾಗದಲ್ಲಿ ಕೂತರು. ಕೀಲಿಯತ್ತ ಒಮ್ಮೆ ನೋಡಿ ಪಕ್ಕಕ್ಕೆ ಸರಿದರು.

“ನೀನ ತಿರುವು ತಮ್ಮಾ.”

“ಈಗ ಏನೂ ಆಗಂಗಿಲ್ರಿ ಕಾಕಾ. ನಿಮ್ಮ ಕೈದು ತಪ್ಪಲ್ಲಂತ ಹೇಳೀನಲ್ಲ.”

“ಹೇಳೀದಿ. ಖರೇ ಐತಿ. ಆದ್ರೂ ನೀನ ತಿರುವು.”

ತಿರುವಿದೆ. ಒಂದೇ ಸಲಕ್ಕೆ ಹತ್ತಿತು. ಡಾಲ್ಫಿನ್ ಕಂಡಲ್ಲಿ ಎಂಜಿನ್ ಬಂದ್ ಮಾಡಿ ಮತ್ತೆ ಹಚ್ಚಬೇಕಲ್ಲ, ಅದಕ್ಕೆ ನಾನೂ ಜೊತೆಗೆ ಹೋಗಬೇಕಾಯಿತು. ಕಡಲಿಗೆ ಹೋದರೆ ನನಗೆ ವಾಂತಿ. ಆದರೂ ಅವರು ಅಲ್ಲಿದ್ದ ಎರಡು ಸೀಜನ್, ಪ್ರತಿ ಸುತ್ತಿಗೂ ಹೋದೆ. ಕಾಕಾ ಅಲೆ ಕಡಿದು, ಬಂಡೆ ತಪ್ಪಿಸಿ, ಮೊದಲಿನ ಹಾಗೆಯೇ ದೋಣಿ ನಡೆಸಿದರು. ಕೀಲಿಯನ್ನು ಮಾತ್ರ ಮುಟ್ಟಲಿಲ್ಲ.