ಕಂಡಕ್ಟರ್ ಬೈರಪ್ಪನವರ ವಸಡಿನ ಪೊರೆ

ಎನ್.ಆರ್.ಪುರದಿಂದ ಶೆಟ್ಟಿಕೊಪ್ಪ, ಕೊಪ್ಪ ಹಾದು ಶೃಂಗೇರಿಗೆ ಹೋಗುವ ಖಾಸಗಿ ಬಸ್ಸಿನಲ್ಲೇ ಬೈರಪ್ಪನವರ ತಲೆ ನರೆತದ್ದು. ಕಂಡಕ್ಟರ್ ಆದರೂ ಅವರು ಎಂದೂ ಪೀಪಿ ಇಟ್ಟುಕೊಂಡವರಲ್ಲ. ಬಾಯಿಗೆ ಎರಡು ಬೆರಳಿಟ್ಟು ಒಂದು ಶಿಳ್ಳೆ ಹೊಡೆದರೆ ಬಸ್ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಆ ಶಿಳ್ಳೆ ಕೇಳದೆ ಡ್ರೈವರ್ ಧರ್ಮೇಶ ಗೇರ್ ಮುಟ್ಟುತ್ತಿರಲಿಲ್ಲ. ಶಿಳ್ಳೆ ಇಲ್ಲದ ಹೊತ್ತಿನಲ್ಲಿ ಆ ಬಾಯಲ್ಲಿ ಎಲೆಅಡಿಕೆ ಇರುತ್ತಿತ್ತು.

ಹೋದ ವರ್ಷ ಅವರ ಮೇಲಿನ ಕೋರೆಹಲ್ಲು ಅಲ್ಲಾಡತೊಡಗಿತು. ಬೆರಳಿಟ್ಟು ಊದಿದರೆ ಬರೀ ಗಾಳಿ, ಜೊತೆಗೆ ಕಣ್ಣಲ್ಲಿ ನೀರು ಬರುವಷ್ಟು ನೋವು. ಕೊನೆಗೆ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರ್ ನಿಶ್ಚಿತಾಳ ಬಳಿ ಹೋದರು. ಶಾಲೆಗೆ ಹೋಗುವಾಗ ಅವರದೇ ಬಸ್ಸಿನ ಬಾಗಿಲಲ್ಲಿ ನಿಂತು ಬೈಸಿಕೊಂಡ ಹುಡುಗಿ ಅವಳು.

"ಕಿತ್ತು ಹಾಕು ಮಾರಾಯ್ತಿ, ಮಧ್ಯಾಹ್ನದ ಟ್ರಿಪ್ಪಿದೆ" ಎಂದರು ಬೈರಪ್ಪ.

ನಿಶ್ಚಿತಾ ಎಕ್ಸ್-ರೇ ನೋಡಿ ತಲೆಯಾಡಿಸಿದಳು. "ಕೀಳೋ ಗಡಿಬಿಡಿ ಎಂತಕ್ಕೆ ಬೈರಣ್ಣ? ಹಲ್ಲು ಚೆನ್ನಾಗೇ ಇದೆ. ಅದನ್ನ ಹಿಡ್ಕೊಂಡಿರೋ ಎಲುಬು ಒಂದು ಬದಿ ಸವೆದು ಗುಂಡಿ ಬಿದ್ದಿದೆ. ಅಲ್ಲಿ ಕ್ಲೀನ್ ಮಾಡಿ, ಎಲುಬಿನ ಪುಡಿ ತುಂಬಿಸಿ, ಮೇಲೊಂದು ಪೊರೆ ಮುಚ್ಚಿ ವಸಡು ಹೊಲೀತೀನಿ."

ಅವಳು ಚಿಮಟದಲ್ಲಿ ಎತ್ತಿ ತೋರಿಸಿದ ಮಾದರಿಯ ತುಂಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು. ಅಷ್ಟರಲ್ಲೇ ಮೂರು ಪದರವಿದೆ ಎಂದಾಗ ಬೈರಪ್ಪ ಕನ್ನಡಕ ಹಾಕಿಕೊಂಡರು. ವಸಡಿನ ಕಡೆಯ ಮುಖ ನುಣುಪು. ಎಲುಬಿನ ಕಡೆಯದು ತರಿತರಿ, ಎಲುಬು ಹಿಡಿದುಕೊಂಡು ಬೆಳೆಯಲಿ ಎಂದು. ನಡುವಿನ ಪದರದಿಂದ ಔಷಧಿ ಸ್ವಲ್ಪ ಸ್ವಲ್ಪವೇ ಜಿನುಗುತ್ತದೆ.

"ವಸಡು ಬೇಗ ಬೆಳೀತದೆ, ಎಲುಬು ನಿಧಾನ" ಎಂದಳು ನಿಶ್ಚಿತಾ. "ಇದು ಅಡ್ಡ ಇಲ್ಲದಿದ್ರೆ ವಸಡೇ ನುಗ್ಗಿ ಗುಂಡಿ ತುಂಬ್ತದೆ. ಎಲುಬಿಗೆ ಜಾಗ ಸಿಗೋದಿಲ್ಲ."

"ಓ, ಸೀಟಿಗೆ ಟವೆಲ್ ಹಾಕಿದ ಹಂಗೆ!" ಬೈರಪ್ಪನವರಿಗೆ ತಟ್ಟನೆ ಹೊಳೆಯಿತು. "ಸರಿ, ಟವೆಲ್ ತೆಗೆಯೋದು ಯಾವಾಗ?"

"ತೆಗೆಯೋದೇ ಇಲ್ಲ. ಕೆಲವು ತಿಂಗಳಲ್ಲಿ ತಾನೇ ಕರಗಿ ಹೋಗ್ತದೆ. ಪ್ಲಾಸ್ಟಿಕ್ ಜಾತಿಯದ್ದೇ, ಪಾಲಿಮರ್ ಅಂತಾರೆ. ಆದ್ರೆ ಮೈಯೊಳಗೆ ಕರಗೋ ಹಂಗೆ ಮಾಡಿದ್ದು. ಎಲ್ಲರಿಗೂ ಪೂರ್ತಿ ಎಲುಬು ತುಂಬ್ತದೆ ಅಂತ ಮಾತ್ರ ಹೇಳೋದಿಲ್ಲ. ಮತ್ತೆ, ಅಡಿಕೆ ಪೂರಾ ಬಿಡ್ಬೇಕು. ನಾನು ಹೇಳೋವರೆಗೆ ಶಿಳ್ಳೆಯೂ ಇಲ್ಲ."

ಶಸ್ತ್ರಚಿಕಿತ್ಸೆ ಅವರು ಹೆದರಿದಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಡಿಕೆ ಬಿಡುವುದು. ಶೆಟ್ಟಿಕೊಪ್ಪದಲ್ಲಿ, ತಮ್ಮ ಅಡಿಕೆ ತೋಟದ ಅಂಚಿನ ಮನೆಯಲ್ಲಿ ಹೆಂಡತಿ ಯಮುನಮ್ಮ ನಕ್ಕುಬಿಟ್ಟರು. "ಬೆಳೆಯೋರೇ ಬಿಟ್ರೆ ತಿನ್ನೋರು ಯಾರು?" ಹಾಗೆಂದರೂ ಮಾರನೆಯ ದಿನದಿಂದ ತಮ್ಮ ಎಲೆಚೀಲ ಹಿಡಿದು ಹಿತ್ತಿಲಿಗೆ ಹೋಗಿ ಹಾಕಿಕೊಂಡು ಬರತೊಡಗಿದರು. ಬಸ್ಸಿನಲ್ಲಿ ಬೈರಪ್ಪ ಲವಂಗ ಚೀಪುತ್ತ, ಬಾಗಿಲ ತಗಡಿಗೆ ಅಂಗೈ ಬಡಿದು ಸಂಜ್ಞೆ ಮಾಡಿದರು. ಧರ್ಮೇಶನಿಗೆ ಅದು ಒಗ್ಗಲಿಲ್ಲ. "ಯಾರದ್ದೋ ಬಸ್ ಓಡಿಸಿದ ಹಂಗಾಗ್ತದೆ" ಎಂದು ಗೊಣಗುತ್ತಿದ್ದ.

ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ, ಹರಿಹರಪುರದಲ್ಲಿ ಚಹಾ ಕುಡಿಯುವಾಗ, ಬಾಯಿಂದ ಏನೋ ಕಳಚಿ ನಾಲಿಗೆಗೆ ಸಿಕ್ಕಿತು. ತೆಗೆದು ನೋಡಿದರೆ ಗುಲಾಬಿ ಬಣ್ಣದ ಗಟ್ಟಿ ತುಂಡು. ಪೊರೆಯೇ ಬಿದ್ದುಹೋಯಿತು, ತಪ್ಪು ತನ್ನದೇ, ಚಹಾ ಬಿಸಿಯಿತ್ತು ಎಂದುಕೊಂಡರು. ತುಂಡನ್ನು ಟಿಕೆಟ್ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟರು. ವಾಪಸ್ ಟ್ರಿಪ್ಪಿನಲ್ಲಿ ಕೊಪ್ಪ ಬಂದದ್ದೇ ಇಳಿದು ಕ್ಲಿನಿಕ್ಕಿಗೆ ಓಡಿದರು.

ನಿಶ್ಚಿತಾ ಕಾಗದ ಬಿಚ್ಚಿ, ಬಾಯಿ ನೋಡಿ, ನಗು ತಡೆದುಕೊಂಡಳು. "ಇದು ಹೊಲಿಗೆ ಮೇಲೆ ಹಚ್ಚಿದ್ದ ಲೇಪ ಬೈರಣ್ಣ. ಬಿದ್ರೂ ತೊಂದರೆ ಇಲ್ಲ, ಬೇರೆ ಹಚ್ತೀನಿ. ಪೊರೆ ಒಳಗೇ ಇದೆ."

"ಕಾಣದೇ ಇರೋದನ್ನ ಹೆಂಗೆ ನಂಬೋದು?"

"ಈಗ ನಂಬಬೇಡಿ. ಎಕ್ಸ್-ರೇ ತೆಗೆದಾಗ ನಂಬಿ."

ಮಳೆಗಾಲ ಕಳೆದು, ಅಡಿಕೆ ಕೊಯ್ಲೂ ಮುಗಿಯುತ್ತ ಬಂದಾಗ ಆ ಎಕ್ಸ್-ರೇ ತೆಗೆದರು. ಹಳೆಯದು, ಹೊಸದು ಎರಡನ್ನೂ ನಿಶ್ಚಿತಾ ಪಕ್ಕಪಕ್ಕ ಇಟ್ಟಳು. ಕಪ್ಪಗೆ ಕಂಡಿದ್ದ ಗುಂಡಿಯ ಮುಕ್ಕಾಲು ಪಾಲು ಬೆಳ್ಳಗಾಗಿತ್ತು. ಪೊರೆಯ ಗುರುತೂ ಇರಲಿಲ್ಲ. ಬೈರಪ್ಪ ಹಲ್ಲನ್ನು ಬೆರಳಿಂದ ಒತ್ತಿ ನೋಡಿದರು, ಅದು ಜಗ್ಗಲಿಲ್ಲ.

"ಹೊಡೀಲಾ?" ಎಂದರು. ಅವಳು ಹೂಂ ಎಂದಳು. ಮೊದಲನೆಯದು ತೊದಲಿತು. ಎರಡನೆಯದಕ್ಕೆ ಹೊರಗೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಮೊದಲಿಗಿಂತ ದನಿ ತುಸು ತೆಳುವಾಗಿತ್ತು. ಧರ್ಮೇಶನಿಗೆ ಅಷ್ಟೇ ಸಾಕಾಯಿತು.

ಬೈರಪ್ಪ ಮತ್ತೆ ಅಡಿಕೆ ಮುಟ್ಟಲಿಲ್ಲ. ಊಟವಾದ ಮೇಲೆ ಈಗಲೂ ಕೈ ಸುಮ್ಮನೆ ಜೇಬಿನ ಕಡೆ ಹೋಗುತ್ತದೆ, ಲವಂಗ ಸಿಗುತ್ತದೆ. ನೀನೂ ಬಿಡು ಎಂದು ಹೆಂಡತಿಗೆ ಮಾತ್ರ ಒಂದು ಸಲವೂ ಹೇಳಲಿಲ್ಲ.

ಮೊನ್ನೆ ಸೋಮವಾರ ಶೆಟ್ಟಿಕೊಪ್ಪದ ಸ್ಟಾಪಿನಲ್ಲಿ ಯಮುನಮ್ಮ ಒಳ್ಳೆಯ ಸೀರೆ ಉಟ್ಟು ಬಸ್ ಹತ್ತಿದರು.

"ಎಲ್ಲಿಗೆ?" ಬೈರಪ್ಪ ಕೇಳಿದರು.

"ಕೊಪ್ಪಕ್ಕೆ. ಆ ನಿಶ್ಚಿತಾ ಹತ್ರ ನನ್ನ ಬಾಯೂ ಒಂದ್ಸಲ ತೋರಿಸ್ಕೊಂಡು ಬರ್ತೀನಿ" ಎಂದು ಅವರು ಕಿಟಕಿ ಪಕ್ಕ ಕೂತರು.