ಎಡಗಡೆ ಪೆಟ್ಟಿಗೆಯ ಜರಜರ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎರಡು ದೊಡ್ಡ ಮರದ ಪೆಟ್ಟಿಗೆಗಳಿದ್ದವು. ನೆಲದ ಮೇಲೆ ಕುಳಿತರೆ ಅವು ನನ್ನ ತಲೆಗಿಂತ ಎತ್ತರ. ಮುಂಭಾಗಕ್ಕೆ ಕಂದು ಬಣ್ಣದ ಒರಟು ಬಟ್ಟೆ ಬಿಗಿದಿತ್ತು. ಬಟ್ಟೆಯ ಕೆಳಗೆ, ನೆಲದಿಂದ ಒಂದು ಗೇಣು ಮೇಲೆ, ನನ್ನ ಮುಷ್ಟಿ ಹಿಡಿಸುವಷ್ಟು ದುಂಡನೆಯ ತೂತು. ಸಿಂಧನೂರಿನ ನಿಮ್ಮ ಮನೆಯ ಪಡಸಾಲೆಯಲ್ಲಿ ಈಗ ನಿಂತಿರುವ ಸ್ಪೀಕರುಗಳು ಅವೇ. ಆಗಲೇ ಅವು ಹಳೆಯವು, ಅಕ್ಕನಿಗಿಂತ ವಯಸ್ಸಿನಲ್ಲಿ ದೊಡ್ಡವು. ಅಕ್ಕ ಎಂದರೆ ನಿಮ್ಮ ಅಮ್ಮ. ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಅಭ್ಯಾಸ ಅವಳಿಗಿಲ್ಲ. ಅದಕ್ಕೇ ಈ ಒಂದು ದಿನದ ಸಂಗತಿಯನ್ನು ನಾನು ಹೇಳುತ್ತಿದ್ದೇನೆ.

ಆಗ ನಾವು ಹಟ್ಟಿಯಲ್ಲಿದ್ದೆವು, ಗಣಿಯ ಕ್ವಾರ್ಟರ್ಸಿನಲ್ಲಿ. ಜನರನ್ನು ನೆಲದಾಳಕ್ಕೆ ಇಳಿಸುವ, ಮೇಲಕ್ಕೆತ್ತುವ ಯಂತ್ರವನ್ನು ನಡೆಸುವುದು ಅಪ್ಪನ ಕೆಲಸ. ಉಕ್ಕಿನ ಹಗ್ಗಕ್ಕೆ ತೂಗುವ ಕೇಜಿನಲ್ಲಿ ಜನ ಒತ್ತಾಗಿ ನಿಂತಿರುತ್ತಿದ್ದರು. ದೂರದ ಕೋಣೆಯಲ್ಲಿ ಕುಳಿತ ಅಪ್ಪನಿಗೆ ಅವರು ಕಾಣುತ್ತಿರಲಿಲ್ಲ. ಕೆಳಗಿನವರು ಗಂಟೆ ಬಾರಿಸುತ್ತಿದ್ದರು. ಎಷ್ಟು ಸಲ ಬಾರಿಸಿದರು ಎಂಬುದನ್ನು ಕೇಳಿ, ಏರಿಸಬೇಕೋ ಇಳಿಸಬೇಕೋ ನಿಲ್ಲಿಸಬೇಕೋ ಎಂದು ಅಪ್ಪ ತಿಳಿಯಬೇಕು. ಅವನ ಕಿವಿಯನ್ನು ನಂಬಿ ಅಷ್ಟು ಜನ ಕತ್ತಲೆಗೆ ಇಳಿಯುತ್ತಿದ್ದರು.

ಸ್ಪೀಕರುಗಳನ್ನೂ ಅವುಗಳ ಆಂಪ್ಲಿಫೈಯರನ್ನೂ ಗಣಿಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಅಪ್ಪನಿಗೆ ಕೊಟ್ಟಿದ್ದರು. ಮಧ್ಯಾಹ್ನದ ಪಾಳಿ ಇದ್ದ ವಾರ ಅಪ್ಪ ಬೆಳಿಗ್ಗೆ ಸ್ನಾನ ಮುಗಿಸಿ, ಎಡಗಡೆ ಪೆಟ್ಟಿಗೆಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಳಿತು ತಬಲಾದ ಕ್ಯಾಸೆಟ್ ಹಾಕುತ್ತಿದ್ದ. ತಬಲಾ ಜೋಡಿಯಲ್ಲಿ ದೊಡ್ಡದಾದ ಡಗ್ಗಾ ಗುಂಯ್ ಎಂದಾಗ ಆ ಸದ್ದು ನೆಲದೊಳಗಿಂದ ಬಂದು ನಮ್ಮ ಅಂಗಾಲಿಗೆ ಮುಟ್ಟುತ್ತಿತ್ತು. ಸಂಜೆ ಬಿಸಿಲಿಗೆ ಕಾದ ಪೆಟ್ಟಿಗೆಯಿಂದ ಹಳೆಯ ಮರದ, ಧೂಳಿನ, ಬೆಚ್ಚಗಾದ ತಂತಿಯ ವಾಸನೆ ಬರುತ್ತಿತ್ತು. ನನಗೆ ಅದು ಅಪ್ಪನ ವಾಸನೆಯೇ ಆಗಿಬಿಟ್ಟಿತ್ತು.

ನಮ್ಮ ಜೊತೆ ಅಜ್ಜಿಯೂ ಇದ್ದಳು, ಅಪ್ಪನ ತಾಯಿ. ಅವಳಿಗೊಂದು ರೂಢಿ. ಸಂತೆಕಲ್ಲೂರಿನ ನಮ್ಮ ಹೊಲದ ಹೊಸ ಬಿಳಿಜೋಳದ ಚೀಲ ಬಸ್ಸಿನ ಮೇಲೇರಿ ಮನೆಗೆ ಬಂದ ದಿನ, ಮನೆಯಲ್ಲಿ ಯಾವುದೂ ಬರಿದಾಗಿ ಇರಕೂಡದು. ಖಾಲಿ ಇದ್ದ ಡಬ್ಬಿ, ತಂಬಿಗೆ, ಅವ್ವನ ಹೊಲಿಗೆ ಯಂತ್ರದ ಗೂಡು, ಎಲ್ಲದಕ್ಕೂ ಅವಳು ಕಾಳು ಹಾಕುತ್ತಾ ಹೋಗುತ್ತಿದ್ದಳು. ಆ ವರ್ಷ ನನ್ನ ಕಂಪಾಸ್ ಪೆಟ್ಟಿಗೆಯಲ್ಲೂ ಜೋಳ ಸಿಕ್ಕಿ, ಕ್ಲಾಸಿನಲ್ಲಿ ಎಲ್ಲರೂ ನಕ್ಕಿದ್ದರು.

ಜೋಳ ಬಂದ ಮೇಲಿನ ವಾರ ಅಪ್ಪ ಕ್ಯಾಸೆಟ್ ಹಾಕುವುದನ್ನು ನಿಲ್ಲಿಸಿದ. ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕುಳಿತು ಸುಮ್ಮನೆ ಬಾಗಿಲ ಕಡೆ ನೋಡುತ್ತಿದ್ದ. ಯಾಕೆಂದು ಅವ್ವ ಕೇಳಿದರೂ ಹೇಳಲಿಲ್ಲ. ಒಂದು ಭಾನುವಾರ ಅಕ್ಕ ಮತ್ತೆ ಮತ್ತೆ ಕೇಳಿದಾಗ ಮಾತು ಹೊರಬಂತು. ಡಗ್ಗಾ ಬಾರಿಸಿದಾಗಲೆಲ್ಲ ಅದರ ಬೆನ್ನಿಗೇ ಜರಜರ ಎಂಬ ಸದ್ದು ಕೇಳುತ್ತಿದೆಯಂತೆ. ಅಡುಗೆಮನೆಯಲ್ಲಿದ್ದ ಅವ್ವನನ್ನು ಅವನು ಮೊದಲೇ ಕೇಳಿ ನೋಡಿದ್ದ. ಅವಳು ಏನೂ ಇಲ್ಲ, ಹಾಡು ಚೆನ್ನಾಗಿಯೇ ಇದೆ ಅಂದಿದ್ದಳು. ಹಾಗಾದರೆ ಸದ್ದು ಇರುವುದು ತನ್ನ ಕಿವಿಯಲ್ಲೇ ಎಂದು ಅಪ್ಪ ತೀರ್ಮಾನಿಸಿಕೊಂಡಿದ್ದ. ಯಂತ್ರಗಳ ನಡುವೆ ಬಹಳ ವರ್ಷ ದುಡಿದವರ ಕಿವಿಯಲ್ಲಿ ಹಾಗೆ ಶುರುವಾಗುವುದನ್ನು ಅವನು ಕಂಡಿದ್ದ.

"ಇವತ್ತು ಪಾಳಿಗಿ ಹೋದಾಗ ಸಾಹೇಬರಿಗಿ ಹೇಳಿಬಿಡ್ತೀನಿ," ಎಂದ. "ಬ್ಯಾರೆ ಕೆಲಸಕ್ಕ ಹಾಕ್ರಿ ಅಂತ. ಒಂದು ಗಂಟಿ ತಪ್ಪಿ ಕೇಳಿದ್ರ ಕೇಜಿನಾಗಿನ ಮಂದಿ ಗತಿ ಏನು?"

ಇಪ್ಪತ್ತು ವರ್ಷ ಕೂತ ಜಾಗವನ್ನು ಬಿಟ್ಟುಕೊಡುವ ಮಾತನ್ನು ಅವನು ನೀರು ಕೇಳುವ ದನಿಯಲ್ಲಿ ಹೇಳಿದ. ಅವ್ವ ಹಾಕಿದ್ದ ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು. ಅಕ್ಕ ಮಾತ್ರ ಅಳಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಅವಳು ಆಗ ಲಿಂಗಸುಗೂರಿಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. "ಅಪ್ಪಾ, ನೀ ಎಲ್ಲಿ ಕುಂತು ಕೇಳಿದಿ?" ಎಂದಳು.

ಅಪ್ಪ ಕುರ್ಚಿ ತೋರಿಸಿದ. ಅವನನ್ನು ಎಬ್ಬಿಸಿ ಅಕ್ಕ ಅಲ್ಲಿ ಕುಳಿತಳು. ಅದೇ ಕ್ಯಾಸೆಟ್ಟನ್ನು ಅವನು ಇಡುವಷ್ಟೇ ಜೋರಾಗಿ ಇಡುವಂತೆ ನನಗೆ ಹೇಳಿ ಕಣ್ಣು ಮುಚ್ಚಿದಳು. ಡಗ್ಗಾ ಬಂತು. ಇನ್ನೊಮ್ಮೆ ಬಂತು. ಅಕ್ಕ ಕಣ್ಣು ತೆರೆದು, ತನಗೂ ಕೇಳಿಸುತ್ತಿದೆ ಎಂದಳು.

ಅಪ್ಪ ನಂಬಲಿಲ್ಲ. "ನನ್ನ ಸಮಾಧಾನಕ್ಕ ಹೇಳಾಕತ್ತೀ ಬೇ ನೀ," ಎಂದ.

ನಾನಾಗಿದ್ದರೆ ಆಣೆ ಇಡುತ್ತಿದ್ದೆ. ಅಕ್ಕ ಹಾಗೆ ಮಾಡಲಿಲ್ಲ. ಅಪ್ಪನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಕೊಂಡು, ಜರಜರ ಕೇಳಿದಾಗಲೆಲ್ಲ ಕೈ ಎತ್ತಬೇಕು ಎಂದಳು. ಆಮೇಲೆ ಆಂಪ್ಲಿಫೈಯರಿನ ಎಡ-ಬಲದ ಗುಂಡಿಯನ್ನು ಸದ್ದಿಲ್ಲದೆ ತಿರುಗಿಸತೊಡಗಿದಳು. ಒಮ್ಮೆ ಎಡಪೆಟ್ಟಿಗೆ ಮಾತ್ರ ಹಾಡುತ್ತಿತ್ತು, ಒಮ್ಮೆ ಬಲಪೆಟ್ಟಿಗೆ ಮಾತ್ರ. ನಾನು ಅಪ್ಪನ ಕೈಯನ್ನೇ ನೋಡುತ್ತಿದ್ದೆ. ಎಡಗಡೆಯದು ಹಾಡಿದಾಗ ಅಪ್ಪನ ಕೈ ಮೇಲೆ. ಬಲಗಡೆಯದು ಹಾಡಿದಾಗ ಕೈ ತೊಡೆಯ ಮೇಲೆ. ಒಮ್ಮೆಯೂ ತಪ್ಪಲಿಲ್ಲ.

ಅದನ್ನು ಹೇಳಿದರೆ ಅಪ್ಪನ ಮುಖ ಇನ್ನಷ್ಟು ಸಣ್ಣದಾಯಿತು. "ಅಂದ್ರ ನನ್ನ ಎಡಗಿವಿ ಹೋಗ್ಯಾದ," ಎಂದ.

ಅಕ್ಕ ಅದಕ್ಕೂ ಬೇಸರಪಡಲಿಲ್ಲ. ಅದೂ ಇರಬಹುದು, ನೋಡೇಬಿಡೋಣ ಎಂದು ಕುರ್ಚಿಯನ್ನು ಅಪ್ಪನ ಸಮೇತ ಹಿಂದುಮುಂದಾಗಿ ತಿರುಗಿಸಿದಳು. ಈಗ ಅವನ ಬಲಗಿವಿ ಎಡಪೆಟ್ಟಿಗೆಯ ಕಡೆಗಿತ್ತು. ಮೂಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿ ತಲೆಯೆತ್ತಿ, "ಏನ್ ಬೇ ಇದು, ಮದಿಮಗನ್ನ ತಿರುಗಿಸಿದಂಗ ತಿರುಗಿಸಾಕತ್ತೀಯಲ್ಲ ನಿಮ್ಮಪ್ಪನ್ನ," ಎಂದಳು. ಯಾರೂ ನಗಲಿಲ್ಲ. ಮತ್ತೆ ಕ್ಯಾಸೆಟ್ ತಿರುಗಿತು. ಮತ್ತೆ ಎಡಪೆಟ್ಟಿಗೆ ಹಾಡಿದಾಗಲೇ ಕೈ ಮೇಲಕ್ಕೆ ಹೋಯಿತು. ಕಿವಿ ಬದಲಾಗಿತ್ತು, ಸದ್ದು ಬದಲಾಗಿರಲಿಲ್ಲ. ಅಪ್ಪ ಕಣ್ಣು ಬಿಟ್ಟು ಮೊದಲ ಸಲ ಪೆಟ್ಟಿಗೆಯನ್ನು ನೋಡಿದ.

ಇಷ್ಟಕ್ಕೆ ಅಕ್ಕ ನಿಲ್ಲಿಸಬಹುದಿತ್ತು. ಆದರೆ ತೋರಿಸಲಾಗದ್ದನ್ನು ಅಪ್ಪ ಪೂರ್ತಿ ನಂಬುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಎಡಪೆಟ್ಟಿಗೆಯ ತಂತಿಯನ್ನು ಬಲಕ್ಕೂ, ಬಲದ ತಂತಿಯನ್ನು ಎಡಕ್ಕೂ ಹಾಕಿದಳು. ಸದ್ದು ತಂತಿಯ ಜೊತೆ ಹೋಗಲಿಲ್ಲ, ಎಡಪೆಟ್ಟಿಗೆಯಲ್ಲೇ ಉಳಿಯಿತು. ಹಾಗಾದರೆ ದೋಷ ಆಂಪ್ಲಿಫೈಯರಿನದೂ ಅಲ್ಲ, ಕ್ಯಾಸೆಟ್ಟಿನದೂ ಅಲ್ಲ. ಪೆಟ್ಟಿಗೆಯ ಮೇಲಿದ್ದ ಗಾಜಿನ ಫೋಟೋ ತೆಗೆಸಿದಳು. ಹಿತ್ತಾಳೆಯ ಹೂದಾನಿ ತೆಗೆಸಿದಳು. ಕಿಟಕಿಯ ಗಾಜಿಗೆ ನನ್ನ ಅಂಗೈ ಒತ್ತಿ ಹಿಡಿಸಿದಳು. ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತೆ ಅದೇ ಡಗ್ಗಾ. ನನಗೆ ಬೇಸರ ಬಂದು ಎರಡನ್ನು ಒಟ್ಟಿಗೆ ತೆಗೆಯಲು ಹೋದರೆ, ಆಮೇಲೆ ಯಾವುದರಿಂದ ಎಂದು ಹೇಗೆ ತಿಳಿಯುತ್ತದೆ ಎಂದು ಮೆಲ್ಲಗೆ ಕೈ ಹಿಡಿದಳು. ಹೊರಗೆ ಬಿಸಿಲು ಅಂಗಳದ ತುದಿಗೆ ಬಂದಿತ್ತು. ಪಾಳಿಯ ಸೈರನ್ ಯಾವಾಗ ಕೂಗುತ್ತದೋ ಎಂದು ಅವ್ವ ಊಟದ ಡಬ್ಬಿ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಅಕ್ಕ ಪೆಟ್ಟಿಗೆಯ ಮುಂಭಾಗದ ಬಟ್ಟೆ ಬಿಚ್ಚಿ, ಒಳಗೆ ಸದ್ದು ಹೊರಡಿಸುವ ಕಾಗದದ ಬಟ್ಟಲನ್ನು ಬೆರಳ ತುದಿಯಿಂದ ಸವರಿ ನೋಡಿದಳು. ಹರಿದಿರಲಿಲ್ಲ. ಕೊನೆಗೆ ಎರಡೂ ಕೈಯಿಂದ ಪೆಟ್ಟಿಗೆಯನ್ನು ಅಪ್ಪಿ ಹಿಡಿದು ನಿಧಾನವಾಗಿ ಒಂದು ಬದಿಗೆ ವಾಲಿಸಿದಳು.

ಒಳಗೆ ಏನೋ ಸರ್ರನೆ ಜಾರಿತು.

ಅಪ್ಪ ಕುರ್ಚಿಯಿಂದ ಎದ್ದ. ಅವನೇ ಹೋಗಿ ಸ್ಕ್ರೂಡ್ರೈವರ್ ತಂದು, ಅವನೇ ಹಿಂಬದಿಯ ಹಲಗೆ ಬಿಚ್ಚಿದ. ಪೆಟ್ಟಿಗೆಯ ತಳದಲ್ಲಿ, ಧೂಳಿನ ನಡುವೆ, ಮುತ್ತಿನಂತೆ ಬೆಳ್ಳಗೆ ಹೊಸ ಜೋಳದ ಕಾಳುಗಳು ಬಿದ್ದಿದ್ದವು. ಡಗ್ಗಾ ಗುಂಯ್ ಎಂದಾಗಲೆಲ್ಲ ಅವು ಹಲಗೆಯ ಮೇಲೆ ಕುಣಿಯುತ್ತಿದ್ದವು.

ನಾವೆಲ್ಲ ಒಟ್ಟಿಗೆ ಅಜ್ಜಿಯ ಕಡೆ ತಿರುಗಿದೆವು. ಅವಳು ಮೊರ ಕೆಳಗಿಡಲೂ ಇಲ್ಲ.

"ಹೌದು, ನಾನ ಹಾಕೀನಿ," ಎಂದಳು. "ಅಷ್ಟು ದೊಡ್ಡ ಡಬ್ಬಿ ಬಾಯಿ ತಕ್ಕೊಂಡು ನಿಂತಿದ್ರ ಖಾಲಿ ಬಿಡಬೇಕೇನು?"

ಬಲಗಡೆಯದಕ್ಕೆ ಯಾಕೆ ಹಾಕಲಿಲ್ಲ ಎಂದು ಅಕ್ಕ ಕೇಳಿದಳು. ಈ ಪ್ರಶ್ನೆ ಅವಳಿಗೆ ಮಾತ್ರ ಹೊಳೆಯಿತು.

"ಅದಕ್ಕ ಟ್ರಂಕ್ ಅಡ್ಡ ಅದ. ಕೈ ಹೋಗ್ಲಿಲ್ಲ."

ಅಪ್ಪ ಹಲಗೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತು ನಕ್ಕ. ನಗುತ್ತ ನಗುತ್ತ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಅವ್ವ ಅಜ್ಜಿಯನ್ನು ಬೈಯಬೇಕೋ ಬೇಡವೋ ತಿಳಿಯದೆ ಒಳಗೆ ಹೋಗಿ ಒಲೆಯ ಮುಂದೆ ನಿಂತಳು.

ಕಾಳನ್ನೆಲ್ಲ ಬಳಿದು ತೆಗೆದಾಗ ಅಜ್ಜಿ ತಕರಾರು ಮಾಡಿದಳು. ಹಾಕಿದ್ದನ್ನು ತೆಗೆದು ಬರಿದು ಮಾಡಬಾರದಂತೆ. ಅಕ್ಕ ವಾದಿಸಲಿಲ್ಲ. ಆ ಕಾಳನ್ನೇ ಅಪ್ಪನ ಹಳೆಯ ಕರವಸ್ತ್ರದಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಪೆಟ್ಟಿಗೆಯ ಒಳಗೋಡೆಗೆ ಹಚ್ಚಿದ್ದ ಹತ್ತಿಯ ನಡುವೆ ಒತ್ತಿ ಇಟ್ಟಳು. ಬಿಗಿದು ಕಟ್ಟಿದ ಕಾಳು ಕುಣಿಯುವುದಿಲ್ಲ. ಹಲಗೆ ಕೂರಿಸಿ ಕ್ಯಾಸೆಟ್ ಹಾಕಿದಾಗ ಡಗ್ಗಾದ ಸದ್ದು ಬಾವಿಯ ನೀರಿನ ಹಾಗೆ ತಿಳಿಯಾಗಿ ಬಂತು. ಅಪ್ಪ ತನ್ನ ಕುರ್ಚಿಯಲ್ಲಿ ಕುಳಿತು ಪೂರ್ತಿ ಕೇಳಿದ. ಸೈರನ್ ಕೂಗಿತು. ಡಬ್ಬಿ ಎತ್ತಿಕೊಂಡು ಸೈಕಲ್ ಹತ್ತುವಾಗ ಅಕ್ಕನ ತಲೆಯ ಮೇಲೊಮ್ಮೆ ಕೈಯಿಟ್ಟು ಹೋದ. ಸಾಹೇಬರ ಕೋಣೆಗೆ ಅವನು ಹೋಗಲಿಲ್ಲ. ಮುಂದೆ ನಿವೃತ್ತಿಯಾಗುವವರೆಗೂ ಆ ಗಂಟೆಗಳನ್ನು ಅವನೇ ಕೇಳಿದ, ಇಳಿದವರೆಲ್ಲ ಮೇಲೆ ಬಂದರು.

ಅಜ್ಜಿ ಈಗ ಇಲ್ಲ. ಸಂತೆಕಲ್ಲೂರಿನಿಂದ ಜೋಳದ ಚೀಲ ಬಂದ ದಿನ ನಿಮ್ಮ ಅಮ್ಮ ಪೆಟ್ಟಿಗೆಯ ಹಿಂಬದಿ ಬಿಚ್ಚಿ ಹೊಸ ಗಂಟು ಇಡುವುದನ್ನು ನೀವು ನೋಡಿದ್ದೀರಿ. ನಿಮ್ಮ ಹಾಡುಗಳು ಬರುವುದು ಬೇರೆ ಕಡೆಯಿಂದ. ಅಂಗೈಯಲ್ಲಿ ಹಿಡಿಸುವ ಆ ಪುಟ್ಟ ಬ್ಲೂಟೂತ್ ಡಬ್ಬಿಗೆ ತಂತಿ ಇಲ್ಲ, ಸ್ಕ್ರೂ ಇಲ್ಲ, ಕಾಳು ಹಾಕೋಣ ಎಂದರೆ ತೂತೂ ಇಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಮಸ್ಕಿಯ ಬಸ್ಸಿನಲ್ಲೂ ಹಾಡು ಕೇಳುತ್ತೀರಿ. ನಮಗೆ ಹಾಡು ಬೇಕೆಂದರೆ ಆ ಪೆಟ್ಟಿಗೆಗಳ ಮುಂದೆ ಬಂದು ಕೂರಬೇಕಿತ್ತು.

ಕಳೆದ ಬೇಸಿಗೆಯಲ್ಲಿ ನಿಮ್ಮ ಆ ಡಬ್ಬಿ ಕರಕರ ಎಂದಾಗ ನೀವು, ಕೆಟ್ಟುಹೋಯಿತು, ಹೊಸದು ಕೊಡಿಸು ಎಂದಿರಿ. ನಿಮ್ಮ ಅಮ್ಮ ಆಗುತ್ತದೆ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ಎಲ್ಲಿ ಕುಳಿತು ಕೇಳಿದಿರಿ ಎಂದಷ್ಟೇ ಕೇಳಿದಳು. ನೀವು ಕಿಟಕಿಯ ಕೆಳಗಿನ ಜಾಗ ತೋರಿಸಿದಿರಿ. ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಂದು ಅಲ್ಲಿ ಕುಳಿತಳು, ಕಣ್ಣು ಮುಚ್ಚಿದಳು.